ಗಣಕ ಬರೆಯುವ ವರದಿ, ಒಡೆಯುವ ಒತ್ತಕ್ಷರ

ಈಚೆಗೆ ಶಾಲೆಯೊಂದರ ಫಲಿತಾಂಶ ವರದಿ ನನ್ನ ಕೈಗೆ ಬಂತು. ಗಣಕದಲ್ಲಿದ್ದ ಮಾಹಿತಿಯಿಂದ ಪ್ರೋಗ್ರಾಮ್ ಒಂದು ತಾನಾಗಿಯೇ ಸಿದ್ಧಪಡಿಸಿದ ಪಿಡಿಎಫ್ ಕಡತ ಅದು. ಅಂಕಗಳೆಲ್ಲ ಸರಿಯಾಗಿದ್ದವು. ಆದರೆ 'ಕೀರ್ತಿ' ಎಂಬ ವಿದ್ಯಾರ್ಥಿನಿಯ ಹೆಸರು 'ಕೀರ್‌ತಿ' ಎಂದು ಮುರಿದು ಬಿದ್ದಿತ್ತು. 'ಕಮಲ', 'ಗಗನ' ಎಂಬ ಹೆಸರುಗಳಿಗೆ ಮಾತ್ರ ಯಾವ ಊನವೂ ಆಗಿರಲಿಲ್ಲ. ಹೀಗೇಕೆ? 'ಕನ್ನಡ ಜಟಿಲವಾದ ಲಿಪಿ, ಗಣಕಕ್ಕೆ ಒಗ್ಗುವುದಿಲ್ಲ' ಎಂಬ ಉತ್ತರವನ್ನು ನೀವೂ ಕೇಳಿರಬಹುದು. ಈ ಉತ್ತರ ಒಪ್ಪತಕ್ಕದ್ದಲ್ಲ.

ಅಡೋಬ್ ಸಂಸ್ಥೆ 1993ರಲ್ಲಿ ಹೊರತಂದ ಪಿಡಿಎಫ್, 2008ರಲ್ಲಿ ಅಂತಾರಾಷ್ಟ್ರೀಯ ಮಾನಕವಾಯಿತು. ಯಾವ ಅಕ್ಷರರೂಪವನ್ನು ಪುಟದ ಯಾವ ಬಿಂದುವಿನಲ್ಲಿ ಇಡಬೇಕು ಎಂಬ ಆದೇಶಗಳು ಈ ಕಡತದಲ್ಲಿರುತ್ತವೆ. ಕಡತವನ್ನು ತೋರಿಸುವ ತಂತ್ರಾಂಶ ಆದೇಶದಂತೆ ಚಿತ್ರಿಸುತ್ತದೆ, ಅಷ್ಟೆ. ಒತ್ತಕ್ಷರವನ್ನು ಜೋಡಿಸುವ ಹೊಣೆ ಕಡತವನ್ನು ಸೃಷ್ಟಿಸುವ ಪ್ರೋಗ್ರಾಮಿನದು.

'ಕೀರ್ತಿ' ಎಂಬಲ್ಲಿ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್‌ನಲ್ಲಿ ಆರು ಸಂಕೇತಗಳು: ಕ, ಈ-ಕಾರದ ಚಿಹ್ನೆ, ರ, ವಿರಾಮ ಚಿಹ್ನೆ, ತ, ಇ-ಕಾರದ ಚಿಹ್ನೆ. ಸಂಕೇತಗಳ ಸಾಲಿನಲ್ಲಿ ಮೊದಲು ಬರುವ 'ರ', ಬರವಣಿಗೆಯಲ್ಲಿ ಅರ್ಕಾವತ್ತಾಗಿ 'ತಿ'ಯ ನಂತರ ಕೂರುತ್ತದೆ. ಈ ನಿಯಮಗಳು ಫಾಂಟಿನೊಳಗೇ ಇವೆ. ಅವನ್ನು ಓದಿ ಜಾರಿಗೆ ತರಲು ಹಾರ್ಫ್‌ಬಜ್‌ನಂಥ ಮುಕ್ತ ತಂತ್ರಾಂಶವೂ ಇದೆ. ಒಂದು ಸಂಕೇತಕ್ಕೆ ಒಂದು ಅಕ್ಷರರೂಪ ಎಂದು ಭಾವಿಸಿದ ಪ್ರೋಗ್ರಾಮು ಇದನ್ನು ಬಳಸುವುದಿಲ್ಲ. ಆದ್ದರಿಂದ ದೋಷ ಲಿಪಿಯದಲ್ಲ, ಆ ಭಾವನೆಯದು.

ದೋಷದ ಲಕ್ಷಣ ನೋಡಿ ಕಾರಣ ಹಿಡಿಯಬಹುದು. ಅಕ್ಷರಗಳ ಬದಲು ಖಾಲಿ ಚೌಕಗಳು ಬಂದರೆ ಆ ಫಾಂಟಿನಲ್ಲಿ ಕನ್ನಡವೇ ಇಲ್ಲ ಎಂದರ್ಥ. ಪಿಡಿಎಫ್‌ನ 14 ಮೂಲ ಫಾಂಟುಗಳಲ್ಲಿ ಒಂದರಲ್ಲೂ ಕನ್ನಡವಿಲ್ಲ. ನೋಟೋ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟನ್ನು ಕಡತದೊಳಗೇ ಸೇರಿಸಬೇಕು. ಒತ್ತಕ್ಷರ ಬಿಡಿಬಿಡಿಯಾದರೆ ಜೋಡಣೆಯ ಹಂತವೇ ನಡೆದಿಲ್ಲ. ಪೈಥಾನ್ ಭಾಷೆಯ ಎಫ್‌ಪಿಡಿಎಫ್2 ಲೈಬ್ರರಿಯಲ್ಲಿ ಈ ಸೌಲಭ್ಯ 2023ರಲ್ಲಿ ಬಂತು. ಆದರೆ ಅದನ್ನು ಬಳಸುವಂತೆ ಪ್ರೋಗ್ರಾಮಿನಲ್ಲಿ ಸ್ಪಷ್ಟವಾಗಿ ಹೇಳಬೇಕು. ವರದಿಯನ್ನು ಎಚ್‌ಟಿಎಂಎಲ್ ಪುಟವಾಗಿ ಬರೆದು ಬ್ರೌಸರ್‌ನಿಂದಲೇ ಪಿಡಿಎಫ್ ಮಾಡಿಸುವುದು ಇನ್ನೊಂದು ದಾರಿ.

ಹೆಸರು ಕೋಷ್ಟಕದ ಅಂಕಣದಿಂದ ಹೊರಚಾಚಿದರೆ? ಸಂಕೇತಗಳನ್ನು ಎಣಿಸಿ ಅಗಲ ನಿರ್ಧರಿಸಿರುತ್ತಾರೆ. ಜೋಡಣೆಯಾದ ನಂತರದ ಅಗಲವನ್ನು ಅಳೆಯಬೇಕು. 'ಲಕ್ಷ್ಮಿ'ಯ ಒತ್ತುಗಳು ಕೆಳಗಿನ ಗೆರೆಗೆ ತಾಗಿದರೆ ಸಾಲಿನ ಎತ್ತರ ಸಾಲದು. ಇಂಗ್ಲಿಷಿಗೆಂದು ಇಟ್ಟ ಎತ್ತರ ಕನ್ನಡಕ್ಕೆ ಹೊಂದಲಾರದು. ಕೊನೆಯ ಸಾಲು ಪುಟದಾಚೆಗೆ ಮಾಯವಾದರೆ ಪುಟದ ಲೆಕ್ಕ ತಪ್ಪಿದೆ. ಎ4 ಪುಟದ ಎತ್ತರ ಸುಮಾರು 842 ಪಾಯಿಂಟ್. ಪ್ರತಿ ಸಾಲು ಬರೆಯುವ ಮುನ್ನ ಉಳಿದ ಜಾಗ ನೋಡಿ, ಸಾಲದಿದ್ದರೆ ಹೊಸ ಪುಟದಲ್ಲಿ ಶೀರ್ಷಿಕೆಯೊಡನೆ ಆರಂಭಿಸಬೇಕು.

ಇಷ್ಟೆಲ್ಲ ತಾಪತ್ರಯವೇಕೆಂದು ಕೆಲವರು ಸುಲಭೋಪಾಯ ಹುಡುಕುತ್ತಾರೆ. ಹೆಸರನ್ನು ಚಿತ್ರವಾಗಿ ಅಂಟಿಸುತ್ತಾರೆ, ಇಲ್ಲವೇ ಯೂನಿಕೋಡ್‌ಗಿಂತ ಹಿಂದಿನ ಫಾಂಟುಗಳಿಗೆ ಮರಳುತ್ತಾರೆ. ಆಗ ಮುದ್ರಣ ಅಂದವಾಗಿಯೇ ಕಾಣುತ್ತದೆ. ಆದರೆ ಚಿತ್ರದಲ್ಲಿ ಅಕ್ಷರವಿಲ್ಲ. ಹಳೆಯ ಫಾಂಟಿನ ಹಿಂದೆ ಇರುವುದು ರೋಮನ್ ಸಂಕೇತಗಳ ಗೊಂದಲ. ಅಂಥ ವರದಿಯಲ್ಲಿ ಹೆಸರನ್ನು ಹುಡುಕಲಾಗದು. ದೃಷ್ಟಿಹೀನ ವಿದ್ಯಾರ್ಥಿಗೆ ಗಣಕವು ಅದನ್ನು ಓದಿ ಹೇಳಲಾರದು. ಕಣ್ಣಿಗೆ ಸರಿ ಕಂಡದ್ದೆಲ್ಲ ಸರಿಯಲ್ಲ ಎಂಬುದೇ ನಮ್ಮ ಆಕ್ಷೇಪದ ತಿರುಳು.

ಪರೀಕ್ಷೆ ಸುಲಭ, ನೀವೇ ಮಾಡಿ ನೋಡಿ. ಕೀರ್ತಿ, ಲಕ್ಷ್ಮಿ, ಜ್ಯೋತ್ಸ್ನಾ ಎಂಬ ಮೂರು ಹೆಸರುಗಳಿಂದ ವರದಿ ತಯಾರಿಸಿ. ಮೊದಲು ಮುದ್ರಿಸಿ ನೋಡಿ. ಬಳಿಕ ಪಿಡಿಎಫ್‌ನಿಂದ ಹೆಸರನ್ನು ನಕಲು ಮಾಡಿ ಸಾದಾ ಪಠ್ಯ ಕಡತದಲ್ಲಿ ಅಂಟಿಸಿ. ಅಲ್ಲಿ 'ಕೀತಿರ್' ಎಂದು ಬಂದರೆ ಅಕ್ಷರರೂಪದಿಂದ ಯೂನಿಕೋಡ್‌ಗೆ ಹಿಂದಿರುಗಿಸುವ ಮಾಹಿತಿ ಸರಿಯಿಲ್ಲ. ಎರಡೂ ಪರೀಕ್ಷೆಗಳಲ್ಲಿ ತೇರ್ಗಡೆಯಾಗದ ತಂತ್ರಾಂಶ 'ಕನ್ನಡ ಬೆಂಬಲವಿದೆ' ಎಂದು ಹೇಳಿಕೊಂಡರೆ ಅದನ್ನು ಒಪ್ಪಿಕೊಳ್ಳಬೇಡಿ. ಮಕ್ಕಳ ಉತ್ತರಪತ್ರಿಕೆಯಲ್ಲಿ ಒತ್ತಕ್ಷರ ತಪ್ಪಿದರೆ ಕೆಂಪು ಗೆರೆ ಎಳೆಯುವ ನಾವು, ಅವರ ಅಂಕಪಟ್ಟಿಯ ತಪ್ಪನ್ನು ಮನ್ನಿಸುವುದು ಹೇಗೆ?