ಕೋಗಿಲೆ ಎನ್ನುವ ಮುನ್ನ

ನಮ್ಮಲ್ಲಿ ಹೆಣ್ಣೊಬ್ಬಳು ಚೆನ್ನಾಗಿ ಹಾಡಿದರೆ ಸಾಕು, ಮರುದಿನದ ಪತ್ರಿಕೆಯಲ್ಲಿ ಅವಳು ಕೋಗಿಲೆಯಾಗಿಬಿಡುತ್ತಾಳೆ. ಮಾವಿನ ತೋಪಿನಲ್ಲಿ 'ಕುಹೂ' ಎನ್ನುವುದು ಗಂಡು ಕೋಗಿಲೆ ಎಂಬ ಸಂಗತಿ ಹಾಗಿರಲಿ. ತೊಂದರೆ ಇರುವುದು ಈ ಒಂದು ಪದ ಹೆಣ್ಣಿನ ದನಿಗೆ ಹಿಡಿಯುವ ಅಳತೆಗೋಲಿನಲ್ಲಿ. ದನಿ ತೆಳುವಾಗಿರಬೇಕು, ಎತ್ತರದಲ್ಲಿರಬೇಕು, ಇಂಪಾಗಿರಬೇಕು. ದಪ್ಪ ದನಿ, ಒಡೆದ ದನಿ, ವಯಸ್ಸಾದ ದನಿ ಈ ಅಳತೆಗೆ ಸಿಗುವುದಿಲ್ಲ.

ನನಗೂ ಇದು ಬಹಳ ಕಾಲ ಹೊಳೆದಿರಲಿಲ್ಲ. ನಾವು ಹಾಡು ಕೇಳಿ ಬೆಳೆದದ್ದು ಅಡುಗೆಮನೆಯ ಗೂಡಿನಲ್ಲಿದ್ದ ರೇಡಿಯೋದಿಂದ. ಒಗ್ಗರಣೆಯ ಸದ್ದು, ಮಕ್ಕಳ ಗಲಾಟೆ, ಹೊರಗೆ ಯಾರಾದರೂ ಬಂದರೆ ಅಮ್ಮ ತಗ್ಗಿಸುತ್ತಿದ್ದ ದನಿ, ಇವುಗಳ ನಡುವೆ ಉಳಿಯುತ್ತಿದ್ದದ್ದು ಧಾಟಿ ಮಾತ್ರ. ಕಳೆದ ವರ್ಷ ಕೊಲ್ಲಿಯಿಂದ ರಜೆಗೆ ಬಂದ ತಂಗಿಯ ಮಗ ಒಂದು ಒಳ್ಳೆಯ ಹೆಡ್‌ಫೋನ್ ಬಿಟ್ಟುಹೋದ. ಅದನ್ನು ಹಾಕಿಕೊಂಡು ಹಳೆಯ ಹಾಡುಗಳನ್ನೇ ಮತ್ತೆ ಕೇಳಿದಾಗ ಒಂದು ಮಾತು ಮನದಟ್ಟಾಯಿತು. ನಾವು ಇಷ್ಟು ದಿನ ಹಾಡನ್ನು ಕೇಳಿದ್ದೆವು, ಹಾಡುವವಳನ್ನು ಕೇಳಿರಲಿಲ್ಲ. ಉಸಿರೆಳೆದುಕೊಳ್ಳುವ ಜಾಗ, ಗಂಟಲಿನ ಒರಟು, ದಣಿವು, ಹಟ ಎಲ್ಲವೂ ಅಲ್ಲಿದ್ದವು. ಹಾಗೆ ಕೇಳಲೇಬೇಕಾದ ಕೆಲವರ ಹೆಸರನ್ನು ಓದುಗರ ಮುಂದಿಡುತ್ತಿದ್ದೇನೆ.

ಮೊದಲು ನಮ್ಮವರೇ ಆದ ಗಂಗೂಬಾಯಿ ಹಾನಗಲ್ (1913-2009). 1930ರ ದಶಕದಲ್ಲಿ ಅವರ ಮೊದಮೊದಲ ಧ್ವನಿಮುದ್ರಿಕೆಗಳು 'ಗಾಂಧಾರಿ ಹಾನಗಲ್' ಎಂಬ ಹೆಸರಿನಲ್ಲಿ ಬಂದವು. ಆಗಿನದು ತೆಳುವಾದ, ಎತ್ತರದ ದನಿ. ಗಂಟಲಿನ ತೊಂದರೆ, ಅದಕ್ಕಾದ ಚಿಕಿತ್ಸೆಯ ನಂತರ ದನಿ ತಗ್ಗಿ ಗಡುಸಾಯಿತು. ಬೇರೆಯವರಾಗಿದ್ದರೆ ಹಾಡು ನಿಲ್ಲಿಸುತ್ತಿದ್ದರೇನೋ. ಗಂಗೂಬಾಯಿ ಆ ದನಿಯ ಮೇಲೆಯೇ ತಮ್ಮ ಗಾಯನವನ್ನು ಕಟ್ಟಿದರು. ಅವರ ಯಾವುದಾದರೂ ವಿಲಂಬಿತ ಖ್ಯಾಲನ್ನು ಹೆಡ್‌ಫೋನಿನಲ್ಲಿ ಕೇಳಿ. ಮಂದ್ರದಲ್ಲಿ ಒಂದೊಂದು ಸ್ವರವೂ ಕಲ್ಲು ಇಟ್ಟಂತೆ ಕೂರುತ್ತದೆ. ಮಗಳು ಕೃಷ್ಣಾ ಜೊತೆಗೆ ಹಾಡಿರುವ ಕಛೇರಿಗಳಲ್ಲಿ ತಾಯಿ ಉಸಿರು ತೆಗೆದುಕೊಳ್ಳುವಾಗ ಮಗಳು ಸ್ವರ ಎತ್ತಿಕೊಳ್ಳುವುದನ್ನು ಗಮನಿಸಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದಾಗ, ಹಾಡು ಮುಗಿದ ಮೇಲೆ ಎಂಜಲೆಲೆ ಎತ್ತಲು ಹೇಳಿಯಾರೆಂಬ ಅಳುಕು ತನ್ನಲ್ಲಿತ್ತು ಎಂದು ಅವರು ನೆನಪಿಸಿಕೊಂಡಿದ್ದಾರೆ. ಆ ಹುಡುಗಿ ಇಂಥ ದನಿಯವಳಾದಳು ಎಂಬುದನ್ನು ನೆನೆದು ಕೇಳಿದರೆ 'ಇಂಪು' ಎಂಬ ಪದ ಬಹಳ ಚಿಕ್ಕದೆನಿಸುತ್ತದೆ.

ಎರಡನೆಯವರು ಬೇಗಂ ಅಖ್ತರ್ (1914-1974). ಹಿಂದೆ ಅಖ್ತರಿಬಾಯಿ ಫೈಜಾಬಾದಿ ಎಂದೇ ಪ್ರಸಿದ್ಧರು. 1945ರಲ್ಲಿ ಲಖನೌದ ಬ್ಯಾರಿಸ್ಟರರೊಬ್ಬರನ್ನು ಮದುವೆಯಾದ ಮೇಲೆ ಕೆಲವು ವರ್ಷ ಹಾಡಲಿಲ್ಲ. ಮತ್ತೆ ಹಾಡಿದ್ದು 1949ರಲ್ಲಿ, ಲಖನೌ ರೇಡಿಯೋದಲ್ಲಿ. ಕೋಠಿಯ ಹಿನ್ನೆಲೆಯ ಗಾಯಕಿಯ ದನಿ ಬೇಕಿತ್ತು, ಅವಳ ಹೆಸರು ಬೇಡವಾಗಿತ್ತು. 'ಬಾಯಿ' ಹೋಗಿ 'ಬೇಗಂ' ಬಂದ ಮೇಲೆಯೇ ಮರ್ಯಾದಸ್ತರ ಮನೆಗಳಲ್ಲಿ ಜಾಗ ದೊರೆತದ್ದು. ಅವರ ಗಜಲ್‌ಗಳಲ್ಲಿ ಸ್ವರ ಮೇಲೇರಿದಾಗ ದನಿ ಒಂದು ಕ್ಷಣ ಒಡೆಯುತ್ತದೆ. ಸಾಮಾನ್ಯ ಸ್ಪೀಕರಿನಲ್ಲಿ ಇದು ತಪ್ಪಿನಂತೆ ಕೇಳಬಹುದು. ಹೆಡ್‌ಫೋನಿನಲ್ಲಿ ಆ ಬಿರುಕು ಎಲ್ಲಿ ಬರುತ್ತದೆ, ಯಾವ ಮಾತಿನ ಮೇಲೆ ಬರುತ್ತದೆ ಎಂಬುದು ಗೊತ್ತಾಗುತ್ತದೆ. ಅದು ಅರ್ಥದ ಜೊತೆಗೇ ಬರುತ್ತದೆ.

ಮೂರನೆಯದಾಗಿ ಒಬ್ಬರನ್ನಲ್ಲ, ಒಂದು ಸಿನಿಮಾವನ್ನು ಸೂಚಿಸುತ್ತೇನೆ. 1949ರ 'ಮಹಲ್'. ಖೇಮಚಂದ್ ಪ್ರಕಾಶ್ ಸಂಗೀತ. ಲತಾ ಮಂಗೇಶ್ಕರ್ ಅವರಿಗೆ ದೇಶವ್ಯಾಪಿ ಹೆಸರು ತಂದ ಹಾಡು ಇದರಲ್ಲಿದೆ. ವಿಚಿತ್ರವೆಂದರೆ ಮೊದಲು ಬಂದ ಮುದ್ರಿಕೆಯ ಮೇಲೆ ಲತಾ ಹೆಸರಿರಲಿಲ್ಲ. ಮಧುಬಾಲಾ ವಹಿಸಿದ್ದ ಪಾತ್ರದ ಹೆಸರು 'ಕಾಮಿನಿ' ಎಂದಷ್ಟೇ ಇತ್ತು. ದೂರದಿಂದ ಬಂದಂತೆ ಕೇಳಿಸಲು ಲತಾ ಮೈಕಿನಿಂದ ದೂರ ನಿಂತು, ಹಾಡುತ್ತಾ ಹತ್ತಿರ ಬಂದರಂತೆ. ಆ ಕಾಲದ ಮುದ್ರಣದಲ್ಲಿ ಎಡ ಬಲ ಎಂಬುದಿಲ್ಲ, ದೂರ ಹತ್ತಿರ ಎಂಬುದು ಮಾತ್ರ ಇದೆ. ಆ ನಡಿಗೆಯನ್ನು ಹೆಡ್‌ಫೋನಿನಲ್ಲಿ ಅಳೆಯಬಹುದು. ಆದರೆ ಅಲ್ಲಿಗೇ ನಿಲ್ಲಬೇಡಿ. ಅದೇ ಸಿನಿಮಾದಲ್ಲಿ ಜೊಹ್ರಾಬಾಯಿ ಅಂಬಾಲೆವಾಲಿ ಮತ್ತು ರಾಜಕುಮಾರಿ ಅವರ ಹಾಡುಗಳೂ ಇವೆ. ತುಂಬಿದ, ಬೈಠಕಿನ ವಾಸನೆಯಿರುವ ದನಿಗಳು. 1943ರ 'ಕಿಸ್ಮತ್'ನಲ್ಲಿ ಹಾಡಿ ಮನೆಮಾತಾದ ನಮ್ಮ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಈ ಪೀಳಿಗೆಗೆ ಸೇರಿದವರು. ಕೆಲವೇ ವರ್ಷಗಳಲ್ಲಿ ತೆಳು ದನಿಯೇ ನಾಯಕಿಯ ದನಿ ಎಂದು ನಿಶ್ಚಯವಾಯಿತು, ಈ ದನಿಗಳು ಹಿಂದೆ ಸರಿದವು. ಇದು ಲತಾ ಅವರ ತಪ್ಪಲ್ಲ. ಅವರು ಅಸಾಧಾರಣ ಗಾಯಕಿ. ತಪ್ಪು, ಒಂದೇ ಸಾಕೆಂದ ನಮ್ಮ ಕಿವಿಗಳದು.

ಇನ್ನೂ ಹಿಂದಕ್ಕೆ ಹೋದರೆ ಗೌಹರ್ ಜಾನ್. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಇವರ ದನಿ ಮುದ್ರಣವಾಯಿತು. ಆಗ ಮೈಕ್ ಇರಲಿಲ್ಲ, ತುತ್ತೂರಿಯಂಥ ಕೊಳವೆಯೊಳಗೆ ಕೂಗಿ ಹಾಡಬೇಕಿತ್ತು. ಇದ್ದ ಸಮಯ ಮೂರು ನಿಮಿಷದಷ್ಟು. ಹಾಡಿನ ಕೊನೆಗೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಸಾರುತ್ತಾರೆ. ಮುದ್ರಿಕೆ ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಗುರುತು ಸಿಗಲೆಂದು ಈ ಏರ್ಪಾಡು. ಆದರೆ ಗಾಂಧಾರಿ, ಕಾಮಿನಿಯರ ನಂತರ ಇದನ್ನು ಕೇಳಿದಾಗ ಬೇರೆಯೇ ಅರ್ಥ ಬರುತ್ತದೆ. ಒಬ್ಬ ಹೆಣ್ಣುಮಗಳು ತನ್ನ ಹೆಸರನ್ನು ತಾನೇ ಹೇಳಿ ಹೋಗಿದ್ದಾಳೆ! ಕೊನೆಯ ದಿನಗಳಲ್ಲಿ ಮೈಸೂರು ಆಸ್ಥಾನದ ಆಶ್ರಯಕ್ಕೆ ಬಂದ ಅವರು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ನಿಜ ಹೇಳಬೇಕೆಂದರೆ ಇಲ್ಲಿ ಎಷ್ಟು ದುಬಾರಿ ಹೆಡ್‌ಫೋನ್ ಆದರೂ ಗರಗರ ಸದ್ದು ಹೋಗುವುದಿಲ್ಲ. ಐದು ನಿಮಿಷ ತಾಳಿದರೆ ಕಿವಿ ತಾನೇ ಆ ಸದ್ದನ್ನು ಬದಿಗಿಡುತ್ತದೆ.

ಕೊನೆಯದಾಗಿ ಇಂದಿನವರೊಬ್ಬರು. ಪಾಕಿಸ್ತಾನ ಮೂಲದ ಅರೂಜ್ ಆಫ್ತಾಬ್. 2021ರ 'ವಲ್ಚರ್ ಪ್ರಿನ್ಸ್' ಎಂಬ ಸಂಕಲನವನ್ನು ತೀರಿಹೋದ ತಮ್ಮನ ನೆನಪಿಗೆ ಅರ್ಪಿಸಿದ್ದಾರೆ. ಅದರಲ್ಲಿನ, ಮೆಹದಿ ಹಸನ್ ಹಾಡಿ ಪ್ರಸಿದ್ಧವಾಗಿದ್ದ ಗಜಲಿಗೆ 2022ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ತಗ್ಗಿನ ದನಿ, ಗೊಣಗಿದಂತೆ ನಿಧಾನ. ಎಲ್ಲಿಯೂ ಅಳುವುದಿಲ್ಲ, ದುಃಖ ಮಾತ್ರ ತುಂಬಿದೆ. ತಬಲಾ ಹಾರ್ಮೋನಿಯಂಗೆ ಒಗ್ಗಿದವರಿಗೆ ಮೊದಲು ಸಪ್ಪೆಯೆನಿಸಬಹುದು. ನನಗೂ ಎನಿಸಿತ್ತು. ಕೆಲವೆಡೆ ಶಬ್ದದ ಸೊಗಸು ಸಾಹಿತ್ಯವನ್ನು ಮಸುಕು ಮಾಡುತ್ತದೆ ಎಂದು ಈಗಲೂ ಅನಿಸುತ್ತದೆ. ಆದರೂ ರಾತ್ರಿ ಮನೆಮಂದಿ ಮಲಗಿದ ಮೇಲೆ ಒಮ್ಮೆ ಕೇಳಿ.

ಒಂದೆರಡು ಪ್ರಾಯೋಗಿಕ ಮಾತುಗಳು. ಕಿವಿಯನ್ನು ಪೂರ್ತಿ ಮುಚ್ಚುವ, ತಂತಿಯಿರುವ ಸಾಧಾರಣ ಹೆಡ್‌ಫೋನ್ ಸಾಕು. ಬೇಸ್ ಹೆಚ್ಚಿಸುವ ಗುಂಡಿಯಿದ್ದರೆ ಆರಿಸಿಬಿಡಿ, ಹೆಣ್ಣಿನ ದನಿಯನ್ನು ಮೊದಲು ಮುಳುಗಿಸುವುದು ಅದೇ. ಝಂಕಾರ್ ಬೀಟ್ಸ್ ಸೇರಿಸಿದ ಪ್ರತಿಗಳ ಬಳಿ ಸುಳಿಯಬೇಡಿ. ದನಿ ತಗ್ಗಿನಲ್ಲಿರಲಿ. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬೆಲ್ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹೆಡ್‌ಫೋನನ್ನು ಈಗ ಅಮ್ಮನಿಗೆ ಕೊಟ್ಟಿದ್ದೇನೆ. ಬಾಗಿಲಿಗೆ ಯಾರು ಬಂದರೂ ಅವರು ದನಿ ತಗ್ಗಿಸಬೇಕಾಗಿಲ್ಲ. ಇಷ್ಟಕ್ಕೇ ಸಂತೋಷಪಡಬೇಕೇ, ಅಷ್ಟು ವರ್ಷ ತಗ್ಗಿಸಬೇಕಾಗಿ ಬಂದುದೇಕೆ ಎಂದು ಕೇಳಬೇಕೇ? ಎರಡನೆಯ ಪ್ರಶ್ನೆಯನ್ನು ನಮ್ಮ ನಮ್ಮ ಮನೆಗಳಲ್ಲಿ ನಾವೇ ಕೇಳಿಕೊಳ್ಳಬೇಕಿದೆ.