ಪಂಪನ ವಂಶವೃಕ್ಷ: ಕಾವ್ಯ ಹೇಳಿದುದು, ಕಲ್ಲು ಹೇಳಿದುದು

ವಂಶಾವಳಿಯನ್ನು ಕಟ್ಟಹೊರಟವನಿಗೆ ಹೆಸರುಗಳು ದೊರೆಯದಿರುವುದು ಒಂದು ತೊಡಕಾದರೆ, ದೊರೆತ ಹೆಸರುಗಳನ್ನು ಯಾರು, ಯಾವ ಸಂದರ್ಭದಲ್ಲಿ ಹೇಳಿದರೆಂದು ತೂಗಿನೋಡುವುದು ಅದಕ್ಕಿಂತ ದೊಡ್ಡ ತೊಡಕು. ನಮ್ಮ ಆದಿಕವಿ ಪಂಪನ ಮನೆತನ ಇದಕ್ಕೆ ಒಳ್ಳೆಯ ನಿದರ್ಶನ. ತೆಲುಗುನಾಡಿನ ಗಡಿಯಲ್ಲಿ ಕನ್ನಡ ಕಲಿಸುವ ನಮಗಂತೂ ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ.

ವಿಕ್ರಮಾರ್ಜುನ ವಿಜಯದಲ್ಲಿ ಎರಡು ವಂಶಾವಳಿಗಳಿವೆ. ಒಂದು ವೇಮುಲವಾಡದ ಅರಿಕೇಸರಿಯದು, ಇನ್ನೊಂದು ಕವಿಯದು. ಅರಸನ ವಂಶಾವಳಿಯಲ್ಲಿ ಯುದ್ಧಮಲ್ಲನು ಬೋದನದಲ್ಲಿ ಐನೂರು ಆನೆಗಳಿಗೆ ಎಣ್ಣೆಯ ಮಜ್ಜನ ಮಾಡಿಸುತ್ತಾನೆ. ಅದು ಆಸ್ಥಾನದ ಮಾತು. ಅದರ ಅಳತೆಯೇ ಬೇರೆ. ತನ್ನ ಮನೆತನದ ಮಾತಿಗೆ ಬಂದಾಗ ಕವಿಯ ದನಿ ಬದಲಾಗುತ್ತದೆ. ಮಾಧವ ಸೋಮಯಾಜಿ, ಅವನ ಮಗ ಅಭಿಮಾನಚಂದ್ರ, ಅವನ ಮಗ ಕೊಮರಯ್ಯ, ಅವನ ಮಗ ಜೈನಧರ್ಮವನ್ನು ಕೈಕೊಂಡ ಅಭಿರಾಮದೇವರಾಯ, ಅವನ ಮಗ ಪಂಪ. ಸೋಮಯಾಜಿಯ ಹೋಮಧೂಮ ಅವನ ಕೀರ್ತಿಯನ್ನೇ ಕಪ್ಪಾಗಿಸಿತೆಂದು ಮರಿಮಗನ ಮಗನಾದ ಕವಿ ಹೇಳಿಬಿಡುತ್ತಾನೆ. ಪೂರ್ವಿಕರನ್ನು ಬರಿದೆ ಹೊಗಳದೆ ತೂಗಿದ ವಂಶಕಥನ ನಮ್ಮಲ್ಲಿ ವಿರಳ. ಇಂದು ಅಚ್ಚಾಗುವ ಮನೆತನದ ಚರಿತ್ರೆಗಳಲ್ಲಿ ಇಂಥ ಒಂದು ವಾಕ್ಯವನ್ನಾದರೂ ಹುಡುಕಿನೋಡಬೇಕು!

ಆದರೂ ಈ ಕಥನದಲ್ಲಿ ತಾಯಿಯ ಹೆಸರಿಲ್ಲ, ಒಡಹುಟ್ಟಿದವರ ಹೆಸರಿಲ್ಲ. ಈ ಕೊರತೆಯನ್ನು ತುಂಬಿಕೊಟ್ಟುದು ತೆಲಂಗಾಣದ ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಬೊಮ್ಮಲಗುಟ್ಟದ ಬಂಡೆ. ಪಂಪನ ತಮ್ಮ ಜಿನವಲ್ಲಭನು ಅಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಶಾಸನ ಬರೆಯಿಸಿದ್ದಾನೆ. ವೆಂಗಿನಾಡಿನ ಏಳು ಗ್ರಾಮಗಳಲ್ಲೊಂದಾದ ವಂಗಿಪರ್ರಿನ ಕಮ್ಮೆ ಬ್ರಾಹ್ಮಣರು, ಶ್ರೀವತ್ಸ ಗೋತ್ರದವರು, ಅಭಿಮಾನಚಂದ್ರನ ಮೊಮ್ಮಗ ಭೀಮಪಯ್ಯ ತಂದೆ. ಬೆಳ್ವೊಲದ ಅಣ್ಣಿಗೆರೆಯ ಜೋಯಿಸ ಸಿಂಘನ ಮೊಮ್ಮಗಳು ಅಬ್ಬಣಬ್ಬೆ ತಾಯಿ. ಅರಿಕೇಸರಿ ಅಣ್ಣನಿಗೆ ಧರ್ಮವುರವನ್ನು ಕೊಟ್ಟ ಸಂಗತಿಯೂ ಅಲ್ಲಿದೆ. ಕಾವ್ಯದ ಮಾತಿಗೆ ಅದು ಸಾಕ್ಷಿಯಾಯಿತು.

ತಂದೆಯ ಹೆಸರು ಕಾವ್ಯದಲ್ಲಿ ಅಭಿರಾಮದೇವರಾಯ, ಶಾಸನದಲ್ಲಿ ಭೀಮಪಯ್ಯ. ಹೆಸರು ಹೊಂದದಿದ್ದಾಗ ಅವಸರದವರು ಒಂದನ್ನು ಹೊಡೆದುಹಾಕುತ್ತಾರೆ. ಹೆಸರನ್ನು ಬದಿಗಿಟ್ಟು ಸ್ಥಾನವನ್ನು ನೋಡಬೇಕು. ಕಾವ್ಯದಂತೆ ಅಭಿರಾಮದೇವರಾಯನು ಅಭಿಮಾನಚಂದ್ರನ ಮಗನ ಮಗ. ಕಲ್ಲಿನಂತೆ ಭೀಮಪಯ್ಯನು ಅದೇ ಅಭಿಮಾನಚಂದ್ರನ ಮೊಮ್ಮಗ. ಇಬ್ಬರೂ ಪಂಪ ಸಹೋದರರ ತಂದೆಯ ಸ್ಥಾನದಲ್ಲಿಯೇ ನಿಲ್ಲುವುದರಿಂದ ವ್ಯಕ್ತಿ ಒಬ್ಬನೇ. ಒಂದು ಮನೆಯ ಹೆಸರು, ಇನ್ನೊಂದು ಕಾವ್ಯಕ್ಕೊಪ್ಪುವ ಹೆಸರೆಂದು ಹೇಳಲು ಅಡ್ಡಿಯಿಲ್ಲ. ವಿದ್ಯಾರ್ಥಿಗಳಿಂದ ಮನೆತನದ ವಿವರ ಸಂಗ್ರಹಿಸುವ ಉಪಾಧ್ಯಾಯರಿಗೆ ಈ ಕ್ರಮ ನೇರವಾಗಿ ಉಪಯುಕ್ತ. ಶಾಲಾ ದಾಖಲೆಯಲ್ಲಿ ಒಂದು, ಪಹಣಿಯಲ್ಲಿ ಒಂದು, ಅಜ್ಜಿಯ ಬಾಯಲ್ಲಿ ಇನ್ನೊಂದು ಹೆಸರಿರುವುದು ನಮ್ಮ ಕಡೆ ಸಾಮಾನ್ಯವಷ್ಟೆ.

ಇನ್ನು ಪಂಪನು ಯಾರವನೆಂಬ ವಾದ. ತಂದೆಯ ಊರನ್ನು ಹಿಡಿದವರು ಅವನನ್ನು ತೆಲುಗುನಾಡಿನವನೆಂದರು. ತಾಯಿಯ ಕಡೆಯನ್ನು ಹಿಡಿದ ನಮ್ಮವರು ಅವನು ಅಣ್ಣಿಗೆರೆಯಲ್ಲಿಯೇ ಹುಟ್ಟಿದನೆಂದು ಸಾರಿದರು. ಕಲ್ಲು ಹೇಳುವುದು ಅಬ್ಬಣಬ್ಬೆಯ ಅಜ್ಜನ ಊರನ್ನು ಮಾತ್ರ, ಪಂಪನ ಹುಟ್ಟೂರನ್ನಲ್ಲ. ಅಭಿಮಾನ ಎಷ್ಟೇ ಇರಲಿ, ಶಾಸನಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವ ಅಧಿಕಾರ ನಮಗಿಲ್ಲ. ಮೇಲಾಗಿ, ಅಣ್ಣ ಕನ್ನಡದಲ್ಲಿ ಕಾವ್ಯ ಬರೆದ, ತಮ್ಮ ಒಂದೇ ಬಂಡೆಯ ಮೇಲೆ ಕನ್ನಡವನ್ನೂ ತೆಲುಗನ್ನೂ ಕೆತ್ತಿಸಿದ. ತಂದೆ ವೆಂಗಿಯವನು, ತಾಯಿ ಬೆಳ್ವೊಲದವಳು, ಅಣ್ಣನಿಗೆ ಸಂದ ಭೂಮಿ ಸಬ್ಬಿನಾಡಿನದು. ಆ ಮನೆಗೆ ಇಲ್ಲದ ಗಡಿಯನ್ನು ನಾವು ವೃಕ್ಷದ ಬುಡದಲ್ಲಿ ಎಳೆಯುವುದು ಸರಿಯಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡವಾಡುವ ನಮ್ಮ ಮಕ್ಕಳಿಗೆ ಈ ಪಾಠ ಮಾಡುವಾಗಲಾದರೂ ಇದನ್ನು ಮುಚ್ಚಿಡಬಾರದು.

ವೃಕ್ಷವನ್ನು ಹಲಗೆಯ ಮೇಲೆ ಬರೆಯುವಾಗ ಒಂದು ಎಚ್ಚರ ಬೇಕು. ಶಾಸನ ಭೀಮಪಯ್ಯನನ್ನೂ ಅಬ್ಬಣಬ್ಬೆಯನ್ನೂ ಅಜ್ಜಂದಿರ ಮೂಲಕವೇ ಗುರುತಿಸುತ್ತದೆ. ನಡುವಣ ತಲೆಮಾರನ್ನು ಎರಡೂ ಕಡೆ ಬಿಟ್ಟಿದೆ. ತಂದೆಯ ಕಡೆಯ ತೆರಪನ್ನು ಕಾವ್ಯದ ಕೊಮರಯ್ಯ ತುಂಬುತ್ತಾನೆ. ತಾಯಿಯ ಕಡೆಗೆ ಅಂಥ ಕಾವ್ಯವಿಲ್ಲ. ಅಬ್ಬಣಬ್ಬೆ ಸಿಂಘನ ಮಗನ ಮಗಳೋ, ಮಗಳ ಮಗಳೋ ಎಂಬುದನ್ನು ಕಲ್ಲು ತಿಳಿಸುವುದಿಲ್ಲ. ಅಲ್ಲಿ ಹೆಸರಿನ ಜಾಗದಲ್ಲಿ ಚುಕ್ಕೆಗಳನ್ನಿಟ್ಟು ಗೆರೆಯನ್ನು ಮೇಲಕ್ಕೆ ಎಳೆಯತಕ್ಕದ್ದು.