ಹೆಸರು, ದಾಖಲೆ, ದಾರಿ: ಜೋಸೆ ಸರಮಾಗೊ ಅವರ ಎರಡು ಕೃತಿಗಳು

ಕಾದಂಬರಿಕಾರನೊಬ್ಬನು ಪ್ರವಾಸದ ಪುಸ್ತಕವನ್ನು ಬರೆದರೆ ಅದನ್ನು ಬಿಡುವಿನ ವೇಳೆಯ ಕೆಲಸವೆಂದು ಬದಿಗಿರಿಸುವುದು ವಿಮರ್ಶೆಯಲ್ಲಿ ಒಂದು ವಾಡಿಕೆಯಾಗಿದೆ. ಊರು, ದೇಗುಲ, ಸೇತುವೆ, ಹಾದಿಯ ದೂರ ಇಷ್ಟನ್ನು ತಿಳಿಸಿದರೆ ಅಂಥ ಪುಸ್ತಕದ ಕರ್ತವ್ಯ ಮುಗಿಯಿತೆಂಬ ಭಾವನೆಯೇ ಇದಕ್ಕೆ ಕಾರಣ. ಪೋರ್ಚುಗಲ್ ದೇಶದ ಜೋಸೆ ಸರಮಾಗೊ ಅವರ ವಿಷಯದಲ್ಲಿ ಈ ವಾಡಿಕೆ ಸಲ್ಲದು. 1998ರಲ್ಲಿ ನೊಬೆಲ್ ಪುರಸ್ಕಾರಕ್ಕೆ ಪಾತ್ರರಾದ ಈ ಲೇಖಕರು 1981ರಲ್ಲಿ ಪ್ರಕಟಿಸಿದ ‘ಪೋರ್ಚುಗಲ್‌ಗೆ ಯಾತ್ರೆ’ಯನ್ನೂ 1997ರಲ್ಲಿ ಹೊರತಂದ ‘ಎಲ್ಲ ಹೆಸರುಗಳು’ ಎಂಬ ಕಾದಂಬರಿಯನ್ನೂ ಒಟ್ಟಿಗಿರಿಸಿ ಓದಿದರೆ, ಎರಡೂ ಒಂದೇ ಪ್ರಶ್ನೆಯ ಎರಡು ಮುಖಗಳೆಂಬುದು ವಿಶದವಾಗುತ್ತದೆ. ಮನುಷ್ಯನ ಗುರುತು ಇರುವುದು ಬರೆದಿಟ್ಟ ದಾಖಲೆಯಲ್ಲಿಯೋ, ನೆನೆಯುವವನ ಹೃದಯದಲ್ಲಿಯೋ? ಇದೇ ಆ ಪ್ರಶ್ನೆ.

ಈ ಪ್ರಶ್ನೆ ಅವರಿಗೆ ಪುಸ್ತಕಗಳಿಂದ ಬಂದುದಲ್ಲ. 1922ರ ನವೆಂಬರ್ 16ರಂದು ಅಜಿನ್ಯಾಗ ಎಂಬ ಹಳ್ಳಿಯ ಬಡ ಕುಟುಂಬದಲ್ಲಿ ಅವರು ಜನಿಸಿದರು. ಜನನವನ್ನು ತಡವಾಗಿ ತಿಳಿಸಿದ ತಪ್ಪಿಗೆ ದಂಡ ಬೀಳದಿರಲೆಂದು ದಾಖಲೆಯಲ್ಲಿ 18ನೆಯ ತಾರೀಖನ್ನು ಬರೆಸಲಾಯಿತು. ‘ಸರಮಾಗೊ’ ಎಂಬುದು ಮನೆತನದ ಹೆಸರೂ ಅಲ್ಲ. ಅದು ಬಡವರು ಬರಗಾಲದಲ್ಲಿ ತಿನ್ನುತ್ತಿದ್ದ ಒಂದು ಕಾಡುಸೊಪ್ಪಿನ ಹೆಸರು. ಊರವರು ಆ ಕುಟುಂಬಕ್ಕೆ ಇಟ್ಟಿದ್ದ ಅಡ್ಡಹೆಸರು. ನೋಂದಣಿಯ ಗುಮಾಸ್ತನು ತನ್ನ ಇಚ್ಛೆಯಿಂದಲೇ ಅದನ್ನು ಸೇರಿಸಿಬಿಟ್ಟನು. ಏಳನೆಯ ವಯಸ್ಸಿನಲ್ಲಿ ಶಾಲೆಗೆ ಸೇರುವಾಗ ಸಂಗತಿ ಬೆಳಕಿಗೆ ಬಂದಿತು. ಕಡೆಗೆ ತಂದೆಯೇ ಮಗನ ಹೆಸರನ್ನು ತನ್ನದಾಗಿಸಿಕೊಳ್ಳಬೇಕಾಯಿತು. ತಂದೆಯಿಂದ ಮಗನಿಗೆ ಹೆಸರು ಬರುವುದು ಲೋಕರೂಢಿ. ಇಲ್ಲಿ ಮಗನಿಂದ ತಂದೆಗೆ ಹೆಸರು ಬಂದಿತು.

ಇದಕ್ಕಿಂತ ಹೃದಯವಿದ್ರಾವಕವಾದುದು ಅಣ್ಣ ಫ್ರಾನ್ಸಿಸ್ಕುವಿನ ಸಂಗತಿ. ಕುಟುಂಬವು ಲಿಸ್ಬನ್ ನಗರಕ್ಕೆ ಬಂದ 1924ರಲ್ಲಿಯೇ ನಾಲ್ಕು ವರ್ಷದ ಆ ಬಾಲಕನು ತೀರಿಕೊಂಡನು. ಬಹುಕಾಲದ ಮೇಲೆ ಬಾಲ್ಯದ ನೆನಪುಗಳನ್ನು ಬರೆಯಲು ಹೊರಟ ಸರಮಾಗೊ, ಅಣ್ಣನ ಮರಣದ ವಿವರವನ್ನರಸಿ ಹುಟ್ಟೂರಿನ ಕಡೆಯ ದಾಖಲೆಗಳನ್ನು ನೋಡಿದಾಗ ಅಲ್ಲಿ ಜನನವಿದ್ದಿತು, ಮರಣವಿರಲಿಲ್ಲ. ಕಾಗದದ ಮೇಲೆ ಆ ಮಗು ಇನ್ನೂ ಬದುಕಿಯೇ ಇದ್ದಿತು. ಈ ಅರಸುವಿಕೆಯೇ ‘ಎಲ್ಲ ಹೆಸರುಗಳು’ ಕಾದಂಬರಿಯ ಬೀಜವಾಯಿತು.

ಆ ಕಾದಂಬರಿಯಲ್ಲಿ ಹೆಸರಿರುವುದು ಒಬ್ಬನಿಗೆ ಮಾತ್ರ. ಅವನು ಜನನಮರಣಗಳ ಕೇಂದ್ರ ನೋಂದಣಿ ಕಚೇರಿಯ ಕೆಳದರ್ಜೆಯ ಗುಮಾಸ್ತ, ಶ್ರೀಯುತ ಜೋಸೆ. ಆ ಕಚೇರಿಯಲ್ಲಿ ಬದುಕಿರುವವರ ಕಡತಗಳು ಮುಂದೆ, ಸತ್ತವರ ಕಡತಗಳು ಹಿಂದಿನ ಕತ್ತಲೆಯಲ್ಲಿ. ಆ ಕತ್ತಲೆಯೊಳಗೆ ಹೋಗುವವನು ದಾರಿ ತಪ್ಪದಂತೆ ಕಾಲಿಗೆ ದಾರವನ್ನು ಕಟ್ಟಿಕೊಳ್ಳಬೇಕು. ಪ್ರಸಿದ್ಧರ ವಿವರಗಳನ್ನು ಸಂಗ್ರಹಿಸುವ ಹವ್ಯಾಸದ ಈ ಗುಮಾಸ್ತನ ಕೈಗೆ ಅವರ ಚೀಟಿಗಳ ಜೊತೆಯಲ್ಲಿ ಅಂಟಿಕೊಂಡು ಬಂದ ಅಪರಿಚಿತ ಸ್ತ್ರೀಯೊಬ್ಬಳ ಚೀಟಿ ಸಿಗುತ್ತದೆ. ಅಂದಿನಿಂದ ಪ್ರಸಿದ್ಧರು ಅವನಿಗೆ ಬೇಡವಾಗುತ್ತಾರೆ. ಯಾರಿಗೂ ಬೇಡದ ಆ ಒಬ್ಬಳು ಯಾರೆಂದು ತಿಳಿಯಲೇಬೇಕು. ಅವನು ಅವಳನ್ನು ಸಮೀಪಿಸುವ ಮುನ್ನವೇ ಅವಳು ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಸಮಾಧಿಯನ್ನಾದರೂ ಕಂಡೆನೆಂದುಕೊಂಡರೆ, ಅಲ್ಲಿ ಕುರಿ ಮೇಯಿಸುವವನೊಬ್ಬನು ಸಮಾಧಿಗಳ ಸಂಖ್ಯೆಗಳನ್ನು ಅದಲುಬದಲು ಮಾಡುತ್ತಿರುವುದಾಗಿ ಹೇಳುತ್ತಾನೆ. ಹೆಸರು, ಸಂಖ್ಯೆ, ಕಲ್ಲು, ಯಾವುದೂ ಮನುಷ್ಯನನ್ನು ಹಿಡಿದಿಡಲಾರದು. ಅರಸುವವನ ಕಳಕಳಿಯೊಂದೇ ಹಿಡಿದಿಡಬಲ್ಲುದು. ಕೊನೆಯಲ್ಲಿ ಕಚೇರಿಯ ಮುಖ್ಯಸ್ಥನು ಸತ್ತವರನ್ನೂ ಬದುಕಿರುವವರನ್ನೂ ಬೇರ್ಪಡಿಸುವುದು ತಪ್ಪೆಂದು ಕಂಡುಕೊಳ್ಳುವುದರಲ್ಲಿ ಕೃತಿಯ ದರ್ಶನವಿದೆ.

ಇನ್ನು ‘ಪೋರ್ಚುಗಲ್‌ಗೆ ಯಾತ್ರೆ’. ಪ್ರಕಾಶನ ಸಂಸ್ಥೆಯೊಂದರ ಕೋರಿಕೆಯಂತೆ 1979ರ ಅಕ್ಟೋಬರಿನಿಂದ 1980ರ ಜುಲೈವರೆಗೆ ಸರಮಾಗೊ ದೇಶವನ್ನೆಲ್ಲ ಸುತ್ತಿದರು. ಕೇಳಿದ್ದು ಮಾರ್ಗದರ್ಶಿ, ಕೊಟ್ಟದ್ದು ಬೇರೆ. ಸ್ವದೇಶದವನೇ ‘ಪೋರ್ಚುಗಲ್‌ಗೆ’ ಹೊರಡುವುದರಲ್ಲಿಯೇ ಒಂದು ಧ್ವನಿಯಿದೆ: ತನ್ನದೆಂದುಕೊಂಡ ನಾಡನ್ನು ಹೊರಗಿನವನಾಗಿ ಪ್ರವೇಶಿಸಿದರೆ ಮಾತ್ರ ಅದು ಕಂಡೀತು. ಅಂತೆಯೇ ಆತ ಸ್ಪೇನಿನ ಗಡಿಯಲ್ಲಿ, ದೋರು ನದಿಯ ಮೇಲೆ ನಿಂತು, ಎರಡೂ ದೇಶಗಳ ನೀರಿನಲ್ಲಿ ಭೇದವರಿಯದೆ ಈಜುವ ಮೀನುಗಳಿಗೆ ಉಪದೇಶ ಹೇಳಿ ಯಾತ್ರೆಯನ್ನು ಆರಂಭಿಸುತ್ತಾನೆ. ‘ನಾನು’ ಎಂಬ ಮಾತಿನ ಬದಲು ಗ್ರಂಥದುದ್ದಕ್ಕೂ ‘ಯಾತ್ರಿಕ’ ಎಂಬ ಮಾತಿದೆ. ಬಾಗಿಲು ಮುಚ್ಚಿದ ಇಗರ್ಜಿಗಳ ಮುಂದೆ ನಿಂತು, ಬೀಗದ ಕೈ ಯಾರ ಮನೆಯಲ್ಲಿದೆಯೆಂದು ಈ ಯಾತ್ರಿಕ ಮತ್ತೆ ಮತ್ತೆ ಕೇಳುತ್ತಾನೆ. ಕಡತಗಳ ಕತ್ತಲೆಯಲ್ಲಿ ದಾರ ಹಿಡಿದು ನಡೆಯುವ ಗುಮಾಸ್ತನಿಗೂ ಬೀಗದ ಕೈಗಾಗಿ ಹಳ್ಳಿಯ ಮನೆಗಳಿಗೆ ಅಲೆಯುವ ಈ ಯಾತ್ರಿಕನಿಗೂ ಇರುವ ನಂಟು ಸ್ಪಷ್ಟ. ಹದಿನಾರು ವರ್ಷ ಮೊದಲು ಬರೆದ ಪ್ರವಾಸಗ್ರಂಥವೇ ಕಾದಂಬರಿಯ ಹಾದಿಯನ್ನು ಸವೆಸಿಟ್ಟಿತ್ತು.

ದೋಷಗಳಿಲ್ಲವೆಂದಲ್ಲ. ಯಾತ್ರಾಗ್ರಂಥದಲ್ಲಿ ಕಂಬ, ಕಮಾನು, ಪೀಠಗಳ ವರ್ಣನೆ ಅನೇಕ ಕಡೆ ಪಟ್ಟಿಯಂತಾಗಿ ಓದುಗನನ್ನು ದಣಿಸುತ್ತದೆ. ಕಲ್ಲಿಗೆ ದೊರೆತಷ್ಟು ಅವಕಾಶ ಬೀಗ ತೆರೆದು ತೋರಿಸಿದವರಿಗೆ ದೊರೆತಿಲ್ಲ. ಕಾದಂಬರಿಯ ಗುಮಾಸ್ತನು ಕಚೇರಿಯ ಹೆಸರಿನಲ್ಲಿ ಸುಳ್ಳು ಅಧಿಕಾರಪತ್ರವನ್ನು ತಯಾರಿಸುತ್ತಾನೆ. ರಾತ್ರಿಯಲ್ಲಿ ಶಾಲೆಯೊಂದಕ್ಕೆ ನುಗ್ಗುತ್ತಾನೆ. ಅರಸುವಿಕೆ ಪವಿತ್ರವಾದರೆ ಸಾಧನ ಹೇಗಿದ್ದರೂ ನಡೆದೀತೇ ಎಂಬ ಪ್ರಶ್ನೆಗೆ ಕೃತಿಯು ನೇರವಾದ ಉತ್ತರವನ್ನು ಕೊಡುವುದಿಲ್ಲ.

ಶ್ರದ್ಧಾವಂತ ಓದುಗನಿಗೆ ಎದುರಾಗುವ ತೊಡಕು ಇನ್ನೊಂದು. ಸರಮಾಗೊ ನಿರೀಶ್ವರವಾದಿ. ಯೇಸುವಿನ ಜೀವನವನ್ನು ಕುರಿತು ಅವರು 1991ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಅಲ್ಲಿಯ ಸರ್ಕಾರವು ಮರುವರ್ಷ ಐರೋಪ್ಯ ಸಾಹಿತ್ಯ ಪ್ರಶಸ್ತಿಯ ಸ್ಪರ್ಧೆಯಿಂದ ಹಿಂದೆಗೆಯಿತು. ನೊಂದ ಲೇಖಕರು ಸ್ಪೇನಿಗೆ ಸೇರಿದ ಲಾಂಜರೋತೆ ದ್ವೀಪದಲ್ಲಿ ನೆಲೆಸಿದರು. ಅವರ ತರ್ಕವನ್ನು ಭಕ್ತನು ಒಪ್ಪಬೇಕಾಗಿಲ್ಲ. ಆದರೆ ದೇವರನ್ನು ನಂಬದ ಈ ಯಾತ್ರಿಕನು ದೇವಮಂದಿರದ ಬಾಗಿಲಲ್ಲಿ ಕಾಯುವ ತಾಳ್ಮೆಯನ್ನೂ, ಹೆಸರುಳಿಯದ ಶಿಲ್ಪಿಯ ಕೈಗೆ ಸಲ್ಲಿಸುವ ಗೌರವವನ್ನೂ ಗಮನಿಸದೆ ಹೋದರೆ ನಷ್ಟ ಓದುಗನದೇ. ನಂಬಿಕೆಯಿದ್ದೂ ನೋಡದೆ ಮುಂದೆ ಸಾಗುವವರು ಬಹಳ.

ಕಣ್ಣಿಗೆ ಕಂಡದ್ದನ್ನು ಇನ್ನೊಂದು ಋತುವಿನಲ್ಲಿ, ಇನ್ನೊಂದು ಬೆಳಕಿನಲ್ಲಿ ಮತ್ತೆ ಕಾಣಬೇಕು. ಯಾತ್ರಿಕನು ಮುಗಿದರೂ ಯಾತ್ರೆ ಮುಗಿಯದು ಎಂಬ ತಾತ್ಪರ್ಯದಿಂದ ಅವರು ಪ್ರವಾಸಗ್ರಂಥವನ್ನು ಮುಗಿಸಿದ್ದಾರೆ. 2010ರ ಜೂನ್ 18ರಂದು ಆ ಯಾತ್ರಿಕರು ಮುಗಿದರು. ದಾಖಲೆಯಲ್ಲಿ ಮರಣವಿಲ್ಲದ ಆ ನಾಲ್ಕು ವರ್ಷದ ಬಾಲಕನು ಮಾತ್ರ, ತಮ್ಮನು ಅರಸಿದ ಕಾರಣದಿಂದಲೇ, ಇಂದಿಗೂ ನೆನಪಿನಲ್ಲಿದ್ದಾನೆ. ಗುಮಾಸ್ತನ ಮರೆವು ಅವನನ್ನು ಕಾಗದದಲ್ಲಿ ಉಳಿಸಿತು. ತಮ್ಮನ ಪ್ರೀತಿ ಲೋಕದಲ್ಲಿ ಉಳಿಸಿತು. ಈ ಎರಡು ಉಳಿವುಗಳ ಅಂತರವನ್ನು ಅರಿತವನಿಗೆ ಈ ಕೃತಿಗಳನ್ನು ಓದಿದುದು ಸಾರ್ಥಕ.